ಎಣಿಸುವವರು ಬೇರೆ, ಬರೆಯುವವರು ಬೇರೆ

ಅಮೆರಿಕ ಎಂದರೆ ಇಂಗ್ಲಿಷು, ಇಂಗ್ಲಿಷು ಬಂದರೆ ಅಮೆರಿಕ ಎಂದು ನಂಬಿ ಕೂತಿರುವ ಗೆಳೆಯರೆ, ಮೊದಲು ಒಂದು ಲೆಕ್ಕ ಕೇಳಿ. ಆ ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಜನ ಮನೆಯೊಳಗೆ ಸ್ಪ್ಯಾನಿಷ್ ಮಾತಾಡುತ್ತಾರೆ. ನಮ್ಮ 2011ರ ಜನಗಣತಿಯಲ್ಲಿ ಕನ್ನಡ ನನ್ನ ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಕನ್ನಡದಷ್ಟೇ ಜನಬಲವಿರುವ ಇನ್ನೊಂದು ನುಡಿ ಅಮೆರಿಕದ ಹೊಟ್ಟೆಯೊಳಗೇ ಇದೆ. ವೀಸಾ ಕ್ಯೂನಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಸರ್ಕಾರ ಈ ಜನರನ್ನು ಹಿಸ್ಪಾನಿಕ್ ಎಂದು ಕರೆಯುತ್ತದೆ. ಮೆಕ್ಸಿಕೋ, ಪೋರ್ಟೊರಿಕೊ, ಕ್ಯೂಬಾ ಮೂಲದವರೆಲ್ಲ ಅದೇ ಒಂದು ಚೀಲದೊಳಗೆ. ಎಲ್ಲರೂ ಹೊಟ್ಟೆಪಾಡಿಗೆ ವಲಸೆ ಬಂದವರು ಎಂದುಕೊಳ್ಳಬೇಡಿ. ಯುದ್ಧದಲ್ಲಿ ಸೋತ ಮೆಕ್ಸಿಕೋ 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾದಂಥ ನಾಡುಗಳನ್ನು ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕೂತ ಜಗಲಿಯಿಂದ ಏಳದೆಯೇ ಬೇರೆ ದೇಶದವರಾದರು. 1956ರಲ್ಲಿ ಕೂತಲ್ಲೇ ಕೇರಳದವರಾದ ಕಾಸರಗೋಡಿನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಜನರ ಮಕ್ಕಳಿಗೆ ಕಾಲೇಜಿನ ಬಾಗಿಲಲ್ಲಿ ಏನಾಗುತ್ತದೆ? ಒಳಗೆ ಹೋದಮೇಲೆ ಏನಾಗುತ್ತದೆ? ಇದನ್ನೇ ಅರವತ್ತು ವರ್ಷಗಳಿಂದ ಬರೆಯುತ್ತ ಬಂದ ಒಂದು ಪಡೆ ಅಲ್ಲಿದೆ. ಅವರ ಕತೆ ನೀವು ಕೇಳಲೇಬೇಕು.

ಮೊದಲು ಇವರ ಬಗ್ಗೆ ಬರೆಯುತ್ತಿದ್ದವರು ಇವರಲ್ಲ. ಬಿಳಿಯ ಪಂಡಿತರು ಹಳ್ಳಿಗೆ ಬಂದು, ನಾಲ್ಕು ಪ್ರಶ್ನೆ ಕೇಳಿ, ಇವರು ಹಣೆಬರಹ ನಂಬಿದವರು, ಮುಂದೆ ಬರುವ ಹಟ ಇಲ್ಲದವರು ಎಂದು ಪುಸ್ತಕ ಬರೆದು ಬಡ್ತಿ ಪಡೆದರು. ಓದದ್ದಕ್ಕೆ ಹುಡುಗನೇ ಕಾರಣ, ಶಾಲೆ ಮಾತ್ರ ಶುದ್ಧ! ಬರ್ಕ್ಲಿಯಲ್ಲಿ ಕಲಿಸುತ್ತಿದ್ದ ಮಾನವಶಾಸ್ತ್ರಜ್ಞ ಆಕ್ಟೇವಿಯೊ ರೊಮಾನೊಗೆ ಇದು ತಡೆಯಲಿಲ್ಲ. 1967ರಲ್ಲಿ ಗೆಳೆಯರ ಜೊತೆ ಸೇರಿ 'ಎಲ್ ಗ್ರಿಟೊ' ಎಂಬ ಪತ್ರಿಕೆ ತೆಗೆದರು. ಎಲ್ ಗ್ರಿಟೊ ಎಂದರೆ ಕೂಗು. ಮರುವರ್ಷ ಅದರಲ್ಲೇ ಆ ಪಂಡಿತರ ಬರಹಗಳನ್ನು ಒಂದೊಂದಾಗಿ ಎತ್ತಿಕೊಂಡು ಜಾಲಾಡಿದರು. ನಮ್ಮನ್ನು ಚರಿತ್ರೆಯೇ ಇಲ್ಲದ ಜಡ ಜನ ಎಂದು ತೋರಿಸಿದ್ದೀರಿ, ನಮ್ಮ ಮುಷ್ಕರಗಳು ನಿಮ್ಮ ಕಣ್ಣಿಗೆ ಬೀಳಲಿಲ್ಲವೆ, ಎಂಬುದು ಅವರ ವಾದ.

ಅದೇ 1968ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನ ಪೂರ್ವ ಭಾಗದ ಹೈಸ್ಕೂಲು ಹುಡುಗ ಹುಡುಗಿಯರು ಸಾವಿರಾರು ಸಂಖ್ಯೆಯಲ್ಲಿ ತರಗತಿ ಬಿಟ್ಟು ಬೀದಿಗೆ ಬಂದರು. ಅವರ ಬೇಡಿಕೆಗಳನ್ನು ನೋಡಿ: ನಮ್ಮ ಚರಿತ್ರೆ ಕಲಿಸಿ, ಎರಡು ನುಡಿಯಲ್ಲಿ ಕಲಿಸಿ, ಸ್ಪ್ಯಾನಿಷ್ ಆಡಿದ್ದಕ್ಕೆ ಹೊಡೆಯಬೇಡಿ, ಬರೀ ಕಸುಬಿನ ಕೆಲಸಕ್ಕೆ ತಳ್ಳದೆ ಕಾಲೇಜಿಗೆ ಹೋಗುವ ಪಾಠ ಕೊಡಿ. ಅವರ ಬೆನ್ನಿಗೆ ನಿಂತ ಮೇಷ್ಟ್ರು ಸಾಲ್ ಕ್ಯಾಸ್ಟ್ರೊ ಸೇರಿ ಹದಿಮೂರು ಮಂದಿಯ ಮೇಲೆ ಒಳಸಂಚಿನ ಕೇಸು ಬಿತ್ತು. ಪಾಠ ಕೇಳಿದ್ದು ಸಂಚು!

ಈ ಸಂಕಟಗಳನ್ನು ದೊಡ್ಡ ದಿನಪತ್ರಿಕೆಗೆ ತಂದವರು ರೂಬೆನ್ ಸಲಜಾರ್. 'ಲಾಸ್ ಏಂಜಲಿಸ್ ಟೈಮ್ಸ್'ನಲ್ಲಿ 1963ರಲ್ಲೇ ಈ ಜನರ ಬಗ್ಗೆ ಸರಣಿ ಲೇಖನ ಬರೆದಿದ್ದರು. ಕೊನೆಗೆ ಅಂಕಣಕಾರರಾಗಿ ಪೊಲೀಸರನ್ನೂ ಬಿಡದೆ ಬರೆದರು. 1970ರ ಆಗಸ್ಟ್ 29ರಂದು ವಿಯೆಟ್ನಾಂ ಯುದ್ಧದ ವಿರುದ್ಧ ದೊಡ್ಡ ಮೆರವಣಿಗೆ ನಡೆದಿತ್ತು. ವರದಿಗೆ ಹೋದ ಸಲಜಾರ್ ಒಂದು ಬಾರ್‌ನಲ್ಲಿ ಕೂತಿದ್ದಾಗ ಪೊಲೀಸನೊಬ್ಬ ಒಳಕ್ಕೆ ಹಾರಿಸಿದ ಅಶ್ರುವಾಯು ಶೆಲ್ ನೇರ ತಲೆಗೆ ಬಡಿಯಿತು. ಸತ್ತಾಗ ವಯಸ್ಸು 42. ಹಾರಿಸಿದವನ ಮೇಲೆ ಕ್ರಿಮಿನಲ್ ಕೇಸು ನಡೆಯಲಿಲ್ಲ.

ಜೀವ ಉಳಿದವರ ಕೆಲಸಕ್ಕೆ ಕುತ್ತು ಬಂತು. ರೊಡಾಲ್ಫೊ ಅಕುನ್ಯ 1969ರಲ್ಲಿ ಸ್ಯಾನ್ ಫರ್ನಾಂಡೊ ವ್ಯಾಲಿಯ ಕಾಲೇಜಿನಲ್ಲಿ ತಮ್ಮ ಜನರ ಅಧ್ಯಯನಕ್ಕೇ ಒಂದು ವಿಭಾಗ ಕಟ್ಟಿದವರು. 1972ರಲ್ಲಿ ಬರೆದ 'ಆಕ್ಯುಪೈಡ್ ಅಮೆರಿಕ' ಪುಸ್ತಕ ತಲೆಮಾರುಗಳ ಪಠ್ಯವಾಯಿತು. ಇಂಥವರು ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ಹುದ್ದೆಗೆ ಅರ್ಜಿ ಹಾಕಿದರೆ 1991ರಲ್ಲಿ ಬೇಡ ಎಂದರು. ಅಕುನ್ಯ ಸುಮ್ಮನೆ ಮನೆಗೆ ಹೋಗಲಿಲ್ಲ, ಕೋರ್ಟಿಗೆ ಹೋದರು. 1995ರಲ್ಲಿ ಜ್ಯೂರಿ ವಯಸ್ಸಿನ ನೆಪದಲ್ಲಿ ತಾರತಮ್ಯ ನಡೆದದ್ದು ನಿಜ ಎಂದಿತು. ಪರಿಹಾರ ಮೂರು ಲಕ್ಷ ಡಾಲರಿಗೂ ಮೇಲೆ. ಆದರೆ ಕೆಲಸ ಕೊಡಿಸಲು ನ್ಯಾಯಾಧೀಶರು ಒಪ್ಪಲಿಲ್ಲ. ಅದೇ ಪುಸ್ತಕವನ್ನು 2012ರಲ್ಲಿ ಅರಿಜೋನಾದ ಟೂಸಾನ್ ಊರಿನ ಶಾಲಾ ತರಗತಿಗಳಿಂದ ಎತ್ತಿ ಡಬ್ಬಕ್ಕೆ ತುಂಬಿದರು. ಹಾಗೆ ಮಾಡಿಸಿದ ಕಾನೂನಿನ ಹಿಂದೆ ಜನಾಂಗದ್ವೇಷ ಇತ್ತು ಎಂದು ಫೆಡರಲ್ ನ್ಯಾಯಾಲಯ ಹೇಳಿದ್ದು 2017ರಲ್ಲಿ. ಅಷ್ಟರಲ್ಲಿ ಹುಡುಗರು ಶಾಲೆ ಮುಗಿಸಿ ಹೋಗಿಯಾಗಿತ್ತು.

ಈಗ ನಾಲಿಗೆಯ ವಿಷಯಕ್ಕೆ ಬರೋಣ. ಟೆಕ್ಸಾಸ್ ಗಡಿಯ ಪ್ಯಾನ್ ಅಮೆರಿಕನ್ ಕಾಲೇಜಿನಲ್ಲಿ ಓದಿದ ಗ್ಲೋರಿಯಾ ಅಂಜಾಲ್ದುವಾ 1987ರ ತಮ್ಮ ಪುಸ್ತಕದಲ್ಲಿ ಒಂದು ಸಂಗತಿ ಬರೆದಿದ್ದಾರೆ. ಅಲ್ಲಿ ಮೆಕ್ಸಿಕನ್ ಮೂಲದ ವಿದ್ಯಾರ್ಥಿಗಳೆಲ್ಲ ಉಚ್ಚಾರಣೆಯ ಎರಡು ಕೋರ್ಸು ಕಡ್ಡಾಯವಾಗಿ ಮಾಡಬೇಕಿತ್ತು. ಯಾಕೆ? ಅವರ ಇಂಗ್ಲಿಷಿನಿಂದ ಸ್ಪ್ಯಾನಿಷ್ ವಾಸನೆ ತೆಗೆಯಲು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ರಾತ್ರಿಯಿಡೀ ನಾಲಿಗೆ ತಿದ್ದಿಸಿಕೊಂಡವರು ಇದನ್ನು ಓದಿ ನಗುತ್ತೀರೋ ಅಳುತ್ತೀರೋ ನೀವೇ ಹೇಳಿ. ನಿಮಗಾದರೂ ಅದಕ್ಕೆ ಸಂಬಳ ಕೊಟ್ಟರು. ಆ ಮಕ್ಕಳು ತಾವೇ ಫೀಜು ಕಟ್ಟಿದರು.

ಎಲ್ಲರೂ ಒಂದೇ ದನಿಯವರು ಎಂದು ತಿಳಿಯಬೇಡಿ. ರಿಚರ್ಡ್ ರಾಡ್ರಿಗಸ್ ಎಂಬ ಬುದ್ಧಿವಂತ 1982ರಲ್ಲಿ ಒಂದು ಆತ್ಮಕತೆ ಬರೆದ. ಮನೆಯ ನುಡಿ ಮನೆಯಲ್ಲಿರಲಿ, ಸಾರ್ವಜನಿಕ ಬದುಕಿಗೆ ಇಂಗ್ಲಿಷೇ ಬೇಕು, ಎರಡು ನುಡಿಯ ಶಿಕ್ಷಣ ಬೇಡ ಎಂಬುದು ಅದರ ಸಾರ. ನಮ್ಮ ಕಾನ್ವೆಂಟ್ ಭಕ್ತರು ದಿನಾ ಹೇಳುವುದನ್ನೇ ಆತ ಚೆಂದದ ಇಂಗ್ಲಿಷಿನಲ್ಲಿ ಹೇಳಿದ, ಬಿಳಿಯರು ಹೊತ್ತು ಮೆರೆಸಿದರು. ಅವನಿಗೆ ಉತ್ತರ ಬರೆದವರು ಯಾರು ಗೊತ್ತೆ? ತೋಮಸ್ ರಿವೇರಾ. ಬೆಳೆ ಕೊಯ್ಲಿನ ಹಿಂದೆ ಊರೂರು ಅಲೆಯುವ ಕೂಲಿ ಕುಟುಂಬದಲ್ಲಿ ಹುಟ್ಟಿ, ತಾವೂ ಹೊಲದಲ್ಲಿ ದುಡಿದು, ತಮ್ಮ ಕಾದಂಬರಿಯನ್ನು ಸ್ಪ್ಯಾನಿಷ್‌ನಲ್ಲೇ ಬರೆದು 1971ರಲ್ಲಿ ಅಚ್ಚು ಹಾಕಿಸಿದವರು. 1979ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರಕ್ಕೆ ಚಾನ್ಸಲರ್ ಆದರು. ತಾಯ್ನುಡಿ ಹಿಡಿದವನು ಉದ್ಧಾರವಾಗುವುದಿಲ್ಲ ಎನ್ನುವ ನಿಮ್ಮ ಚಿಕ್ಕಪ್ಪನಿಗೆ ಈ ಹೆಸರು ಹೇಳಿ. 1984ರಲ್ಲಿ ರಿವೇರಾ ತೀರಿಕೊಂಡರು. ಅಲ್ಲಿಯ ದೊಡ್ಡ ಗ್ರಂಥಾಲಯಕ್ಕೆ ಅವರದೇ ಹೆಸರು.

ಬರೆದದ್ದರಿಂದ ಏನಾಯಿತು ಎಂದು ಕೇಳುತ್ತೀರಿ. 1986ರಲ್ಲಿ ಇಂಥ ಕಾಲೇಜುಗಳು ಸೇರಿ ಸ್ಯಾನ್ ಅಂಟೋನಿಯೊದಲ್ಲಿ ಒಂದು ಒಕ್ಕೂಟ ಕಟ್ಟಿದವು. 1992ರಲ್ಲಿ ಕಾನೂನೇ ಬಂತು. ಪದವಿ ವಿದ್ಯಾರ್ಥಿಗಳಲ್ಲಿ ನೂರಕ್ಕೆ 25 ಜನ ಹಿಸ್ಪಾನಿಕ್ ಇದ್ದರೆ ಆ ಕಾಲೇಜಿಗೆ ವಿಶೇಷ ಮಾನ್ಯತೆ, ಬಡ ಮಕ್ಕಳ ಪ್ರಮಾಣದಂಥ ಷರತ್ತು ಪೂರೈಸಿದರೆ ಕೇಂದ್ರದ ಹಣ. ಇಂಥವು ಈಗ ಸುಮಾರು 600. ಅಲ್ಲಿಯ ಬರಹಗಾರರು ಇಷ್ಟಕ್ಕೇ ಜೈಕಾರ ಹಾಕಿ ಮಲಗಲಿಲ್ಲ ಎಂಬುದೇ ನನಗೆ ಇಷ್ಟವಾದದ್ದು. ತಲೆ ಎಣಿಸಿ ಹಣ ಎಣಿಸಿಕೊಂಡಿರಿ, ಆ ಮಕ್ಕಳಲ್ಲಿ ಎಷ್ಟು ಜನ ಪದವಿ ಮುಗಿಸಿದರು, ಮೇಷ್ಟ್ರುಗಳಲ್ಲಿ ಅವರ ಕಡೆಯವರು ಎಷ್ಟು, ಅವರ ನುಡಿಗೆ ಎಲ್ಲಿ ಜಾಗ ಎಂದು ಪಟ್ಟು ಹಿಡಿದರು. ಜೀನಾ ಆನ್ ಗಾರ್ಸಿಯಾ 2019ರಲ್ಲಿ ಬರೆದ ಪುಸ್ತಕದ ತಗಾದೆ ಇದೇ: ಸೇರಿಸಿಕೊಳ್ಳುವುದು ಬೇರೆ, ಅವರಿಗಾಗಿ ದುಡಿಯುವುದು ಬೇರೆ.

ಒಂದು ತಕರಾರು ನನಗಿದೆ. ಈ ಬರಹದಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದೆ. ಇದಕ್ಕೆಂದೇ ಹೊರಟ ಪತ್ರಿಕೆಗಳೂ ಬಹುಮಟ್ಟಿಗೆ ಇಂಗ್ಲಿಷೇ. ಕುಲಪತಿಗೆ, ಸೆನೆಟರ್‌ಗೆ ಮುಟ್ಟಬೇಕಲ್ಲ ಎನ್ನುತ್ತಾರೆ, ಸರಿ. ಆದರೆ ಮಗಳನ್ನು ಕಾಲೇಜಿಗೆ ಕಳಿಸಿ ದ್ರಾಕ್ಷಿ ತೋಟದಲ್ಲಿ ಬಗ್ಗಿ ನಿಂತ ತಾಯಿ ಅದನ್ನು ಓದುವುದು ಹೇಗೆ? ಈ ವಿಷಯದಲ್ಲಿ ನಾನು ರಿವೇರಾ ಪಕ್ಷ.

2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಈ ಕಾಲೇಜುಗಳ ಅನುದಾನಕ್ಕೆ ಕೈ ಹಾಕಿತು. ಇಂಥದೇ ಹಲವು ಯೋಜನೆಗಳದೂ ಸೇರಿ ಸುಮಾರು 35 ಕೋಟಿ ಡಾಲರ್ ತಡೆಯುವುದಾಗಿ ಹೇಳಿತು. ಜನಾಂಗದ ಲೆಕ್ಕದಲ್ಲಿ ಹಣ ಕೊಡುವುದು ಸಂವಿಧಾನಕ್ಕೆ ವಿರುದ್ಧ ಎಂಬ ಕಾರಣ ಕೊಟ್ಟಿತು. ಅದಕ್ಕೆ ಎದುರು ವಾದಿಸಲು ಅಲ್ಲಿಯವರ ಕೈಯಲ್ಲಿ ತಾವೇ ಬರೆದಿಟ್ಟ ಅರವತ್ತು ವರ್ಷದ ಕಾಗದ ಇದೆ.

ನಮ್ಮ ಕೈಯಲ್ಲಿ? ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜಿಗೆ ಬಂದ ಹುಡುಗಿ ಮೊದಲ ಸೆಮಿಸ್ಟರ್‌ನಲ್ಲಿ ಯಾಕೆ ಮಾತು ನಿಲ್ಲಿಸುತ್ತಾಳೆ? ಲ್ಯಾಬ್‌ನಲ್ಲಿ ಕನ್ನಡದಲ್ಲಿ ಅನುಮಾನ ಕೇಳಿದವನಿಗೆ ಏನು ಉತ್ತರ ಸಿಕ್ಕಿತು? ಹಾಸ್ಟೆಲ್‌ನಲ್ಲಿ, ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಏನು ನಡೆಯಿತು? ನಿಮಗೆ ಆದದ್ದನ್ನು, ನೀವು ಕಣ್ಣಾರೆ ಕಂಡದ್ದನ್ನು ತಾರೀಖು ಸಮೇತ ನಮಗೆ ಬರೆದು ಕಳಿಸಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಹೆಸರು ಬೇಡವೆಂದರೆ ಹಾಕುವುದಿಲ್ಲ.