ಮಂಡಿಯ ಕಟ್ಟುಗಳು: ಕೂಡುವ ಲೆಕ್ಕ ಸಾಲದು

ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ಕಬಡ್ಡಿಯ ಅಂಕಣದಲ್ಲಿ ಬಿದ್ದು ಮಂಡಿಯನ್ನು ತಿರುಚಿಕೊಂಡನು. ಒಂದು ಕಟ್ಟು ಹರಿದಿದೆಯೆಂದು ಗೊತ್ತಾಗಿ, ಶಸ್ತ್ರಚಿಕಿತ್ಸೆಯಿಂದ ಅದರ ಸ್ಥಾನದಲ್ಲಿ ಹೊಸದನ್ನು ಕೂಡಿಸಲಾಯಿತು. ವರ್ಷ ತುಂಬುವುದರೊಳಗೆ ಅದೂ ಸಡಿಲವಾಯಿತು. ಮತ್ತೆ ಪರೀಕ್ಷಿಸಿದಾಗ, ಮಂಡಿಯ ಹೊರಮಗ್ಗುಲಿನ ಹಿಂಮೂಲೆಯ ಕಟ್ಟುಗಳೂ ಮೊದಲೇ ಹರಿದಿದ್ದವೆಂದು ತಿಳಿದುಬಂದಿತು. ನಾವು ವೈದ್ಯರಲ್ಲ, ಚಿಕಿತ್ಸೆಯ ತಪ್ಪೊಪ್ಪುಗಳನ್ನು ಎಣಿಸುವ ಅಧಿಕಾರ ನಮಗಿಲ್ಲ. ಆದರೆ ಈ ಸಂಗತಿಯ ಹಿಂದೆ ಬಲವಿಜ್ಞಾನದ ಒಂದು ಸರಳ ತತ್ತ್ವವಿದೆ. ಅದನ್ನು ತಿಳಿಸುವ ಹೊಣೆ ನಮ್ಮದೂ ಹೌದು.

ಮಂಡಿಯನ್ನು ಬಾಗಿಲ ಕೀಲಿಗೆ ಹೋಲಿಸುವುದು ವಾಡಿಕೆ. ಬಾಗಿಲಿಗಿರುವುದು ಒಂದೇ ಬಗೆಯ ಚಲನೆ. ಮಂಡಿಗಾದರೋ ಮೂರು ಬಗೆಯ ತಿರುಗುವಿಕೆ, ಮೂರು ಬಗೆಯ ಸರಿಯುವಿಕೆ, ಒಟ್ಟು ಆರು. ತೊಡೆಮೂಳೆಯ ದುಂಡನೆಯ ತುದಿಯು ಕೆಳಗಾಲಿನ ದೊಡ್ಡ ಮೂಳೆಯ ಬಹುಮಟ್ಟಿಗೆ ಚಪ್ಪಟೆಯಾದ ತಲೆಯ ಮೇಲೆ ಕುಳಿತಿದೆ. ಇಂತಹ ಜೋಡಣೆಯನ್ನು ಅಂಕೆಯಲ್ಲಿಡುವ ಕೆಲಸ ಹೆಚ್ಚಾಗಿ ಅಸ್ಥಿರಜ್ಜುಗಳೆಂಬ ಕಟ್ಟುಗಳದು. ನಡುವೆ ಒಂದನ್ನೊಂದು ದಾಟುವ ಎರಡು ಕತ್ತರಿಕಟ್ಟುಗಳು, ಇಕ್ಕೆಲಗಳಲ್ಲಿ ಎರಡು ಪಕ್ಕಗಟ್ಟುಗಳು, ಹಿಂಮೂಲೆಗಳಲ್ಲಿ ಇನ್ನೂ ಕೆಲವು ಇವೆ.

ಈಗ ಒಂದು ಪ್ರಯೋಗವನ್ನು ಊಹಿಸೋಣ. ಒಂದು ಅಡ್ಡದಂಡವನ್ನು ಮೂರು ಸ್ಪ್ರಿಂಗುಗಳು ಹಿಡಿದಿವೆ. ದಂಡವು ಓರೆಯಾಗದಂತೆ ಕೆಳಕ್ಕೆ ಮಾತ್ರ ಸರಿಯಬಲ್ಲುದು. ಒಂದು ಸೆಂಟಿಮೀಟರಿನಷ್ಟು ಎಳೆಯಲು ದೊಡ್ಡ ಸ್ಪ್ರಿಂಗಿಗೆ 8 ಕಿಲೋಗ್ರಾಂ, ಚಿಕ್ಕವೆರಡಕ್ಕೆ ಒಂದೊಂದು ಕಿಲೋಗ್ರಾಂ ತೂಕ ಬೇಕು. 10 ಕಿಲೋಗ್ರಾಂ ತೂಗಿಸಿದರೆ ದಂಡವು 1 ಸೆಂಟಿಮೀಟರ್ ಇಳಿಯುತ್ತದೆ. ಒಂದು ಚಿಕ್ಕ ಸ್ಪ್ರಿಂಗನ್ನು ಕತ್ತರಿಸಿದರೆ ಇಳಿತ 1.1 ಸೆಂಟಿಮೀಟರ್, ನಷ್ಟವು ಕಣ್ಣಿಗೇ ಬೀಳದು. ದೊಡ್ಡದನ್ನು ಮಾತ್ರ ಕತ್ತರಿಸಿದರೆ 5. ಎರಡನ್ನೂ ಕತ್ತರಿಸಿದರೆ? ಎರಡು ನಷ್ಟಗಳನ್ನು ಕೂಡಿದವನು 5.1 ಎಂದಾನು. ನಿಜವಾದ ಉತ್ತರ 10. ದೊಡ್ಡದು ಇರುವವರೆಗೆ ಚಿಕ್ಕದರ ನಷ್ಟ ಅಡಗಿರುತ್ತದೆ. ಅದು ಹೋದೊಡನೆ ಬಯಲಾಗುತ್ತದೆ.

ಮಂಡಿಯೂ ಹೀಗೆಯೇ. ಕೆಳಮೂಳೆ ಮುಂದಕ್ಕೆ ಸರಿಯುವುದನ್ನು ತಡೆಯುವ ಬಲದಲ್ಲಿ ಸುಮಾರು 86% ಮುಂದಿನ ಕತ್ತರಿಕಟ್ಟಿನದು, ಹಿಂದಕ್ಕೆ ಸರಿಯುವುದನ್ನು ತಡೆಯುವುದರಲ್ಲಿ ಸುಮಾರು 95% ಹಿಂದಿನ ಕತ್ತರಿಕಟ್ಟಿನದು ಎಂದು ಬಟ್ಲರ್, ನಾಯ್ಸ್, ಗ್ರೂಡ್ ಎಂಬವರು 1980ರಲ್ಲಿ ಅಳೆದು ತೋರಿಸಿದರು. ಗೋಲೆಹಾನ್ ಮತ್ತು ಸಂಗಡಿಗರು 1987ರಲ್ಲಿ ಮೃತದೇಹಗಳ ಮಂಡಿಗಳಲ್ಲಿ ಕಟ್ಟುಗಳನ್ನು ಕತ್ತರಿಸಿ ನೋಡಿದರು. ಹಿಂದಿನ ಕತ್ತರಿಕಟ್ಟೊಂದೇ ಹೋದಾಗ ಹಿಂಜಾರಿಕೆಯು 90 ಡಿಗ್ರಿ ಮಡಿಕೆಯಲ್ಲಿ ಅತ್ಯಧಿಕ. ಹೊರಗಣ ಹಿಂಮೂಲೆಯೂ ಹೋದರೆ ಎಲ್ಲ ಕೋನಗಳಲ್ಲಿಯೂ ಅದು ಬಹಳವಾಗಿ ಏರಿತು. ಹಿಂಮೂಲೆಯು ಹರಿದಿರುವಾಗ ಮುಂದಿನ ಕತ್ತರಿಕಟ್ಟಿನ ಸ್ಥಾನದಲ್ಲಿಟ್ಟ ಹೊಸ ಕಟ್ಟು ಹೆಚ್ಚಿನ ಎಳೆತಕ್ಕೆ ಒಳಗಾಗುವುದೆಂದು ಲಾಪ್ರೇಡ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ನಮ್ಮ ವಿದ್ಯಾರ್ಥಿಯ ಹೊಸ ಕಟ್ಟು ಏಕೆ ಸೋತಿತೆಂಬುದನ್ನು ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಳಗನ್ನೆಲ್ಲ ತೋರಿಸುವ ಎಂ.ಆರ್.ಐ. ಚಿತ್ರವಿರುವಾಗ ಈ ಲೆಕ್ಕವೇಕೆಂದು ಕೆಲವರು ಕೇಳಬಹುದು. ಚಿತ್ರ ಬೇಕೇ ಬೇಕು. ಆದರೆ ಅದನ್ನು ತೆಗೆಯುವುದು ಅಲುಗದೆ ಮಲಗಿರುವ, ಭಾರ ಹೊರದ ಮಂಡಿಯನ್ನು. ಸಡಿಲವೆಂಬುದು ಬಲ ಬಿದ್ದಾಗ ಹೊರಬೀಳುವ ಗುಣ. ಅದಕ್ಕೆ ಕೈಯ ಪರೀಕ್ಷೆ ಬೇಕು. ಅದೂ ಒಂದೇ ಕೋನದಲ್ಲಲ್ಲ. ಪಾದವನ್ನು ಹೊರಕ್ಕೆ ತಿರುಗಿಸಿದಾಗ ನೊಂದ ಕಾಲು ಇನ್ನೊಂದಕ್ಕಿಂತ ಹೆಚ್ಚು ತಿರುಗುವುದು 30 ಡಿಗ್ರಿಯಲ್ಲಿ ಮಾತ್ರವಾದರೆ ಪೆಟ್ಟು ಹಿಂಮೂಲೆಗೆ. 90ರಲ್ಲಿಯೂ ಹಾಗಾದರೆ ಹಿಂದಿನ ಕತ್ತರಿಕಟ್ಟಿಗೂ ಪೆಟ್ಟಾಗಿದೆಯೆಂದು ಶಂಕಿಸಬೇಕು. ಎಷ್ಟು ಅಗ್ಗದ ಪರೀಕ್ಷೆ, ಎಷ್ಟು ಬೆಲೆಯುಳ್ಳ ಉತ್ತರ! ಒಂದು ಕಟ್ಟು ಹರಿದದ್ದು ಕಂಡೊಡನೆ ಹುಡುಕಾಟವನ್ನು ನಿಲ್ಲಿಸದೆ ಉಳಿದವೆಲ್ಲವನ್ನೂ ನೋಡಬೇಕೆಂಬುದೇ ನಮ್ಮ ಅಭಿಪ್ರಾಯ. ನೊಂದವರೂ ಸಂಕೋಚಪಡದೆ ಈ ಪ್ರಶ್ನೆಯನ್ನು ಕೇಳಬೇಕು.

ಇನ್ನು ನಮ್ಮ ಮನೆಯ ಮಾತು. ಕಾಂತಶಾಸ್ತ್ರದಲ್ಲಿ ಒಂದು ಮಾನಕ್ಕೇ ಹೆಸರಾದ ವಿಲ್ಹೆಲ್ಮ್ ವೇಬರ್, ತಮ್ಮನಾದ ಎಡ್ವರ್ಡನೊಡನೆ 1836ರಲ್ಲಿಯೇ ಮಾನವನ ನಡಿಗೆಯ ಬಲವಿಜ್ಞಾನವನ್ನು ಕುರಿತು ಗ್ರಂಥ ಬರೆದನು. ಭೌತವಿಜ್ಞಾನದ ತರಗತಿಗಳಲ್ಲಿ ನಾವು ಇಂದಿಗೂ ಗೋಡೆಗೊರಗಿಸಿದ ಏಣಿಯ ಲೆಕ್ಕವನ್ನೇ ಮಾಡಿಸುತ್ತೇವೆ. ಆ ಏಣಿಯನ್ನು ಹತ್ತುವ ಕಾಲಿನ ಲೆಕ್ಕವನ್ನೂ ಮಾಡಿಸಿದರೆ, ಮುಂದೆ ವೈದ್ಯನಾಗುವವನಿಗೂ ರೋಗಿಯಾಗುವವನಿಗೂ ಉಪಕಾರವಾದೀತು.