ಕಾಫಿ ಕೊಯ್ಲಿಗೆ ಬಂದ ಮಕ್ಕಳು ಕನ್ನಡ ಕಲಿಯೋದು ಎಲ್ಲಿ?

ಮೂಡಿಗೆರೆ: ಸಂತೆ ದಿನ, ದಿನಸಿ ಅಂಗಡಿ ಮುಂದೆ ಅಸ್ಸಾಂನಿಂದ ತೋಟದ ಕೆಲಸಕ್ಕೆ ಬಂದ ಒಂದು ಕುಟುಂಬ. ಅಪ್ಪ-ಅಮ್ಮ ಹಿಂದೆ ನಿಂತಿದ್ದರು. ಮುಂದೆ ನಿಂತು ವ್ಯಾಪಾರ ಮಾಡ್ತಿದ್ದದ್ದು ಹತ್ತು ವರ್ಷದ ಹುಡುಗಿ, ಸೊಂಟದ ಮೇಲೆ ತಮ್ಮ. "ಅಣ್ಣ, ಬೇಳೆ ಎಷ್ಟು?" ರೇಟು ಕೇಳಿ ಅಪ್ಪನಿಗೆ ತಮ್ಮ ಮಾತಲ್ಲಿ ಹೇಳಿ, ಚಿಲ್ಲರೆ ಎಣಿಸಿಕೊಂಡು ಹೋದಳು. ಶಾಲೆಗೆ ಹೋಗ್ತಾಳಾ ಅಂತ ಅಂಗಡಿಯವರನ್ನ ಕೇಳಿದೆ. "ಎಲ್ಲಿ ಶಾಲೆ? ಆ ಮಗು ನೋಡ್ಕೊಳ್ಳೋರು ಯಾರು?" ಅಂದರು.

ಅವಳು ಇಷ್ಟು ಕನ್ನಡ ಕಲಿತಿದ್ದು ಅಂಗಡಿ, ಸಂತೆಯಲ್ಲೇ. ಆದರೆ ಬಸ್ಸಿನ ಬೋರ್ಡ್ ಓದೋಕೆ ಬರಲ್ಲ.

ಕಾನೂನು ಅವಳ ಪರವಾಗೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನ ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ಮಧ್ಯೆ ಬಂದಿದೆ ಅಂತ ವಾಪಸ್ ಕಳಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ತೊಡಕಿರೋದು ಕ್ಯಾಲೆಂಡರ್‌ನಲ್ಲಿ. ಶಾಲೆ ಶುರುವಾಗೋದು ಮಳೆಗಾಲಕ್ಕೆ. ಅರೇಬಿಕಾ ಕೊಯ್ಲು ಶುರುವಾಗೋದು ನವೆಂಬರ್ ಹೊತ್ತಿಗೆ, ರೋಬಸ್ಟಾ ಮುಗಿಯುವಾಗ ಮಾರ್ಚ್. ಅರ್ಧ ಪಾಠ ಆದಮೇಲೆ ಬಂದು ಪರೀಕ್ಷೆ ಹೊತ್ತಿಗೆ ಹೊರಡುವ ಮಕ್ಕಳಿಗೆ, ಮೂರ್ನಾಲ್ಕು ತರಗತಿ ಒಟ್ಟಿಗೆ ನೋಡುವ ಮೇಷ್ಟ್ರು ಒಬ್ಬರೇ ಏನು ಮಾಡಿಯಾರು?

ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ 2017ರಲ್ಲಿ 'ರೋಶ್ನಿ' ಅಂತ ಒಂದು ಯೋಜನೆ ಶುರುವಾಯ್ತು. ವಲಸೆ ಕಾರ್ಮಿಕರ ಮಕ್ಕಳಿಗೆ ಶಾಲೆ ಬೆಲ್ ಹೊಡೆಯೋ ಮೊದಲೇ ಪಾಠ, ಜೊತೆಗೆ ತಿಂಡಿ. ಹಿಂದಿ, ಬಂಗಾಳಿ, ಒಡಿಯಾ ಬಲ್ಲವರು ಮಕ್ಕಳ ಭಾಷೆಯಿಂದ ಶುರುಮಾಡಿ ನಿಧಾನಕ್ಕೆ ಮಲಯಾಳಂಗೆ ಕರೆತರ್ತಿದ್ದರು. ಇದರ ಬೆಲೆ ಚಿಕ್ಕದಲ್ಲ. ಅಸ್ಸಾಮಿ ಮಾತಿನಲ್ಲಿ 'ತ'ಕ್ಕೂ 'ಟ'ಕ್ಕೂ ವ್ಯತ್ಯಾಸ ಇಲ್ಲ. ಮಗು 'ತಟ್ಟೆ'ಯನ್ನ 'ತತ್ತೆ' ಅಂದಾಗ ತರಗತಿ ನಗುತ್ತೆ, ಮಗು ಮರುದಿನದಿಂದ ಬಾಯೇ ಬಿಡಲ್ಲ. (ನಮ್ಮ ಹುಡುಗರು ಅಸ್ಸಾಮಿ ಮಾತಾಡಿದ್ರೆ ಅವರೂ ನಗ್ತಾರೆ ಬಿಡಿ.) ವಾಕ್ಯದ ಜೋಡಣೆ ಮಾತ್ರ ಹೆಚ್ಚುಕಮ್ಮಿ ನಮ್ಮ ಹಾಗೇ, ಕ್ರಿಯಾಪದ ಕೊನೆಗೆ. ಹೇಳಿಕೊಡೋರಿದ್ದರೆ ಮಾತು ಬೇಗ ಹತ್ತುತ್ತೆ.

ನಮ್ಮಲ್ಲಿ ಇದಕ್ಕೆ ಸಿದ್ಧ ಇರೋದು ಗ್ರಾಮ ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಲ್ಲಿ ಅರಿವು ಕೇಂದ್ರ. 2020ರಲ್ಲಿ 'ಓದುವ ಬೆಳಕು' ಶುರುವಾದಾಗಿಂದ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಲ್ಲಿ ಪರೀಕ್ಷೆ ಇಲ್ಲ, ಹಾಜರಿ ಇಲ್ಲ, ತಮ್ಮನನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಓದಬಹುದು.

ಆದರೆ ಗ್ರಂಥಾಲಯ ಇರೋದು ಊರಲ್ಲಿ, ಮಕ್ಕಳಿರೋದು ತೋಟದೊಳಗಿನ ಲೈನ್ ಮನೆಯಲ್ಲಿ. ಐದು ಗಂಟೆ ಮೇಲೆ ಆ ದಾರಿಯಲ್ಲಿ ದೊಡ್ಡವರೇ ಆನೆಗೆ ಹೆದರಿ ಓಡಾಡಲ್ಲ. ಸಂಜೆ ತರಗತಿಗೆ ಮಕ್ಕಳು ಊರಿಗೆ ಬರಲಿ ಅನ್ನೋದು ಆಗದ ಮಾತು. ಪುಸ್ತಕ, ಸ್ಲೇಟುಗಳೇ ಹಗಲು ಹೊತ್ತಲ್ಲಿ ಲೈನಿಗೆ ಹೋಗಬೇಕು, ವಾರಕ್ಕೆ ಎರಡು ಸಲ ಆದ್ರೂ.

ಇನ್ನೊಂದು ವಿಷಯ. ಅಸ್ಸಾಂ ಅಂದ ಕೂಡಲೇ "ಬಾಂಗ್ಲಾದವರು" ಅನ್ನೋರು ಪೇಟೆಯಲ್ಲಿ ಬಹಳ. ದಾಖಲೆ ನೋಡೋದು ಪೊಲೀಸರ ಕೆಲಸ, ಅವರು ನೋಡಲಿ. ಎಂಟು ವರ್ಷದ ಮಗು ಅಆಇಈ ಬರೆದರೆ ಯಾರ ಗಂಟು ಹೋಗುತ್ತೆ? ಇವರು ಬರದಿದ್ದ ವರ್ಷ ಹಣ್ಣು ನೆಲಕ್ಕೆ ಉದುರುತ್ತೆ ಅಂತ ಬೆಳೆಗಾರರೇ ಹೇಳ್ತಾರೆ. ಸಂತೆ ದಿನ ಪೇಟೆ ಗಲ್ಲಾ ತುಂಬೋದರಲ್ಲೂ ಇವರ ಕೂಲಿ ದುಡ್ಡಿದೆ.

"ಜಾಗಕ್ಕೇನು, ಕಣದ ಪಕ್ಕದ ಶೆಡ್ ಬಿಟ್ಟುಕೊಡ್ತೀವಿ. ಕಲಿಸೋಕೆ ಬರೋರು ಯಾರು ಹೇಳಿ" ಅಂದರು ತೋಟದ ರೈಟರ್ ಒಬ್ಬರು. ಓದು ಮುಗಿಸಿ ಊರಲ್ಲೇ ಇರೋ ಹುಡುಗ-ಹುಡುಗೀರು ಪ್ರತಿ ಪಂಚಾಯಿತಿಯಲ್ಲೂ ಇದ್ದಾರೆ. ಅವರ ಗೌರವಧನ ಪಂಚಾಯಿತಿ ಕೊಡುತ್ತೋ, ತೋಟದವರು ಕೊಡ್ತಾರೋ ಅನ್ನೋದು ಗ್ರಾಮಸಭೆಯಲ್ಲಿ ತೀರ್ಮಾನ ಆಗಬೇಕು. ರೋಬಸ್ಟಾ ಮುಗಿಯೋಕೆ ಇನ್ನು ಎರಡು ತಿಂಗಳಷ್ಟೇ ಇದೆ.