ಹಕ್ಕಿ ಸೀರೀಸ್, ಭಾಗ 7: ‘ಗೊತ್ತಾಗ್ಲಿಲ್ಲ’ ಅಂತ ಬರೆಯೋಕೆ ಯಾಕಿಷ್ಟು ನಾಚಿಕೆ?

ಮೊದಲು ಫೋಟೋ ನೋಡಿ, ಆಮೇಲೆ ಸ್ವೈಪ್ ಮಾಡಿ. ಒಂದರಲ್ಲಿ ಮಣ್ಣಿನ ಬಣ್ಣದ ಹಕ್ಕಿ, ಇಂಟರ್ನಲ್ಸ್ ಮಾರ್ಕ್ಸ್ ನೋಡಿದವರ ಥರ ಕತ್ತು ಒಳಗೆ ಎಳ್ಕೊಂಡು ಕೆರೆ ದಂಡೇಲಿ ಕೂತಿದೆ. ಇನ್ನೊಂದರಲ್ಲಿ ಬೆಳ್ಳಗೆ ಹಾರ್ತಿರೋ ಹಕ್ಕಿ. ಎರಡೂ ಒಂದೇ ಗುರು, ಕೊಳದ ಬಕ! ಕೂತಾಗ ರೆಕ್ಕೆಯ ಬಿಳಿ ಮುಚ್ಕೊಂಡಿರುತ್ತೆ, ಎದ್ದಾಗ ಕಾಣುತ್ತೆ.

ಹಕ್ಕಿ ಗುರುತಿಸೋದು ಅಂದ್ರೆ ಹಿಂಗೇ, ಆಟ ಆಡಿಸ್ತವೆ. ಕೋಗಿಲೆ ತಗೊಳ್ಳಿ. ಚೆನ್ನಾಗಿ ಹಾಡೋ ಹುಡುಗೀರನ್ನ ‘ಕೋಗಿಲೆ ಕಂಠ’ ಅಂತೀವಿ. ಆದ್ರೆ ಆ ಕುಹೂ ಗಂಡಿನದು. ಕಪ್ಪು ಮೈ, ಕೆಂಪು ಕಣ್ಣು ಅವನದು. ಹೆಣ್ಣು ಕಂದು ಬಣ್ಣ, ಮೈ ತುಂಬಾ ಬಿಳಿ ಚುಕ್ಕೆ, ಕೂಗು ಬರೀ ಕಿಕ್-ಕಿಕ್-ಕಿಕ್. ಅವಳು ಎದುರಿಗೇ ಕೂತಿದ್ರೂ ನಮ್ಮಲ್ಲಿ ಅರ್ಧ ಜನ ಕೋಗಿಲೆ ಅಂತ ಒಪ್ಪಲ್ಲ.

ಇನ್ನು ಬೆಳ್ಳಕ್ಕಿಗಳು. ಎಲ್ಲಾ ಬಿಳಿ, ಎಲ್ಲಾ ಒಂದೇ ಥರ ನಿಂತಿರ್ತವೆ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ ಸಾಕ್ಸ್ ಹಾಕ್ಕೊಂಡ ಹಾಗಿದ್ರೆ ಅದು ಸಣ್ಣ ಬೆಳ್ಳಕ್ಕಿ. ಒಳ್ಳೇ ಗುರುತು ಕೊಟ್ಟಿದ್ದಾನೆ ದೇವರು, ಆದ್ರೆ ಅದು ಇರೋದು ಕೆಸರೊಳಗೆ! ಹಸು ಎಮ್ಮೆ ಹಿಂದೆ ಓಡಾಡೋ ಹಳದಿ ಕೊಕ್ಕಿನ ಗಿಡ್ಡ ಹಕ್ಕಿ ದನದ ಬೆಳ್ಳಕ್ಕಿ. ದೊಡ್ಡದು, ಮಧ್ಯಮ ಅಂತ ಇನ್ನೂ ಎರಡಿವೆ. ಬಾಯಿಯ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋದ್ರೆ ದೊಡ್ಡದು, ಕಣ್ಣಿನ ಕೆಳಗೇ ನಿಂತ್ರೆ ಮಧ್ಯಮ. ನೂರು ಮೀಟರ್ ದೂರದಿಂದ ಹಕ್ಕಿಯ ಬಾಯಿ ಗೆರೆ ನೋಡಿ ಅಂದ್ರೆ ನಗು ಬರಲ್ವಾ?

ಈಗ ವಿಷಯಕ್ಕೆ ಬರ್ತೀನಿ. ಪ್ರತಿ ಫೆಬ್ರವರಿ 4 ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ, ಜೊತೆಗೇ ಕಾಲೇಜುಗಳಿಗೆ ಕ್ಯಾಂಪಸ್ ಬರ್ಡ್ ಕೌಂಟ್. 15 ನಿಮಿಷ ನೋಡಿ, ಲಿಸ್ಟ್ ಮಾಡಿ, ಇ-ಬರ್ಡ್‌ಗೆ ಹಾಕೋದು, ಅಷ್ಟೇ. ಆದ್ರೆ ಅಲ್ಲೇ ನಮಗೆ ಲಿಸ್ಟ್ ಉದ್ದ ಮಾಡೋ ಹುಚ್ಚು ಹತ್ಕೊಳುತ್ತೆ. ‘ಮಗಾ ಯಾವ್ದೋ ಒಂದು ಹಾಕು, ಯಾರು ನೋಡ್ತಾರೆ?’ ನನ್ನ ಪ್ರಕಾರ ಇದು ಅಕೌಂಟ್ಸ್‌ನಲ್ಲಿ ವಿಂಡೋ ಡ್ರೆಸ್ಸಿಂಗ್ ಮಾಡಿದ ಹಾಗೇ.

ಯಾಕೆ ಅಂತೀನಿ ಕೇಳಿ. 2023ರಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಯ ಹಕ್ಕಿಗಳ ಸ್ಥಿತಿ ಲೆಕ್ಕ ಹಾಕಿತು. ಅದಕ್ಕೆ ಬಳಸಿದ್ದು 30,000ಕ್ಕೂ ಹೆಚ್ಚು ಜನ ಹಾಕಿದ ಸುಮಾರು 3 ಕೋಟಿ ದಾಖಲೆ. ಬರೀ ವಿಜ್ಞಾನಿಗಳಲ್ಲ, ನಮ್ಮಂಥವರೂ ಹಾಕಿದ್ದು. ಯಾವ ಹಕ್ಕಿ ಕಡಿಮೆ ಆಗ್ತಿದೆ, ಯಾವುದನ್ನ ಉಳಿಸ್ಬೇಕು ಅನ್ನೋದು ಇದರ ಮೇಲೇ ನಿಂತಿದೆ.

ಇ-ಬರ್ಡ್‌ನಲ್ಲಿ ಚೆಕ್ ಮಾಡೋರು ಇದ್ದಾರೆ, ನಿಜ. ಕ್ಯಾಂಪಸ್‌ನಲ್ಲಿ ಪೆಂಗ್ವಿನ್ ಅಂತ ಹಾಕಿದ್ರೆ ಸಿಕ್ಕಿಬೀಳ್ತೀರಿ. ಆದ್ರೆ ದನದ ಬೆಳ್ಳಕ್ಕಿ ಬದಲು ಸಣ್ಣ ಬೆಳ್ಳಕ್ಕಿ ಅಂತ ಹಾಕಿದ್ರೆ? ಎರಡೂ ನಮ್ಮೂರಲ್ಲಿ ಇರೋವೇ, ಸೀದಾ ಒಳಗೆ ಹೋಗುತ್ತೆ. ಬಿಕಾಂನವರಿಗೆ ಬಿಡಿಸಿ ಹೇಳ್ಬೇಕಾ? ರಮೇಶನ ಖಾತೆಗೆ ಹೋಗ್ಬೇಕಾದ ದುಡ್ಡು ಸುರೇಶನ ಖಾತೆಗೆ ಹೋದ್ರೂ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗುತ್ತೆ. ಆ ಥರದ ತಪ್ಪು ಇದು.

ನಮಗೆ ಸಸ್ಪೆನ್ಸ್ ಅಕೌಂಟ್ ಇರೋ ಹಾಗೆ ಅಲ್ಲೂ ಒಂದಿದೆ. ಯಾವ ಬೆಳ್ಳಕ್ಕಿ ಗೊತ್ತಾಗ್ಲಿಲ್ವಾ, ‘ಬೆಳ್ಳಕ್ಕಿ, ಜಾತಿ ತಿಳಿದಿಲ್ಲ’ ಅನ್ನೋ ಅರ್ಥದ ಆಯ್ಕೆಯನ್ನೇ ಒತ್ತಿ. ಅದೂ ದಾಖಲೆನೇ. ‘ಹಿಂಗೆ ಸ್ಟ್ರಿಕ್ಟ್ ಆದ್ರೆ ಹೊಸಬರು ಬರಲ್ಲ’ ಅಂತ ಹೋದ ಭಾಗದ ಕಾಮೆಂಟಲ್ಲಿ ಒಬ್ರು ಹೇಳಿದ್ರು. ನನಗೆ ಉಲ್ಟಾ ಅನಿಸುತ್ತೆ. ಎಲ್ಲಾ ಹೆಸರೂ ಗೊತ್ತಿರ್ಬೇಕು ಅನ್ನೋ ಭಯಕ್ಕೇ ಹೊಸಬರು ಬರ್ತಿಲ್ಲ.

ಆಪ್ ಇದೆಯಲ್ಲ ಅಂತೀರಾ? ಮರ್ಲಿನ್ ಒಳ್ಳೇದೇ, ಇಟ್ಕೊಳ್ಳಿ. ಆದ್ರೆ ಅದು ಶಿಕ್ರಾ ಅಂದ ತಕ್ಷಣ ಬರ್ಕೋಬೇಡಿ, ತಲೆ ಎತ್ತಿ ನೋಡಿ. ಕಾಜಾಣ ಶಿಕ್ರಾ ಥರಾನೇ ಕೂಗುತ್ತೆ, ಕಳ್ಳ ನನ್ಮಗಂದು!

ಶನಿವಾರ ಬೆಳಿಗ್ಗೆ 6:30ಕ್ಕೆ ಕೆರೆ ಏರಿ ಹತ್ರ ಬನ್ನಿ. ಬೈನಾಕ್ಯುಲರ್ ಒಂದೇ ಇದೆ, ಸರದಿ ಮೇಲೆ. ಮುಂದಿನ ಭಾಗದಲ್ಲಿ ಹದ್ದು, ಗರುಡ. ಅಷ್ಟರೊಳಗೆ ಯಾವುದರ ಬಾಲ ಕವಲೊಡೆದಿದೆ ಅಂತ ನೋಡ್ಕೊಂಡು ಬಂದು ಕಾಮೆಂಟ್ ಮಾಡಿ.